ಆಕಾಶದ ದೊಡ್ಡಾಟ

ನಾನು ಮೊದಲು ಕಂಡ ಅಂತರಿಕ್ಷ ಕಾದಂಬರಿಗೆ ರಕ್ಷಾಪುಟ ಇರಲಿಲ್ಲ, ಹೆಸರು ಅಚ್ಚಾದ ಹಾಳೆ ಇರಲಿಲ್ಲ, ಕೊನೆಯ ಹದಿನಾರು ಪುಟಗಳೂ ಇರಲಿಲ್ಲ. ಮದ್ರಾಸಿನ ಕಡೆಯಿಂದ ಮುಂಬಯಿಗೆ ಹೋಗುತ್ತಿದ್ದ ಯಾವುದೋ ರೈಲಿನಲ್ಲಿ ಯಾರೋ ಓದಿ ಬಿಟ್ಟುಹೋಗಿದ್ದ ಆ ಇಂಗ್ಲಿಷ್ ಪುಸ್ತಕ, ಡಬ್ಬಿ ಗುಡಿಸುವವರ ರದ್ದಿ ಚೀಲಕ್ಕೆ ಬೀಳುವ ಮೊದಲು, ಗಾರ್ಡ್ ಕೆಲಸದಲ್ಲಿದ್ದ ನನ್ನ ತಂದೆಯ ಕಣ್ಣಿಗೆ ಬಿತ್ತು. ಅದು 1974ರ ಬೇಸಿಗೆ. ಆಗಿನ ಗುಲಬರ್ಗಾ ಜಿಲ್ಲೆಯ ವಾಡಿ ಜಂಕ್ಷನ್ನಿನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಾವು ಇದ್ದೆವು. ಕನ್ನಡ ಶಾಲೆಯಲ್ಲಿ ಕಲಿಯುತ್ತಿದ್ದ ಹನ್ನೆರಡು ವರ್ಷದ ನನಗೆ ಆ ಪುಸ್ತಕವನ್ನು ಸ್ವತಃ ಓದುವಷ್ಟು ಇಂಗ್ಲಿಷ್ ಬರುತ್ತಿರಲಿಲ್ಲ. ಸಂಜೆ ಅಂಗಳಕ್ಕೆ ನೀರು ಹೊಡೆದು, ಫರಸಿಯ ಕಾವು ಇಳಿದ ಮೇಲೆ ಹೊರಸು ಹಾಕಿ ಮಲಗುವ ಹೊತ್ತಿಗೆ, ಅಪ್ಪ ಕಂದೀಲಿನ ಬತ್ತಿ ಏರಿಸಿ, ಒಂದೊಂದು ಪುಟವನ್ನು ಮನಸ್ಸಿನಲ್ಲೇ ಓದಿಕೊಂಡು, ಅದನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದರು. "ಈ ಪುಸ್ತಕದಾಗಿನ ಮಂದಿ ಭಾಳ ಛಲೋ ಅದಾರ, ಕೇಳ್ರಿ" ಎಂದು ಅವರು ಮೊದಲ ರಾತ್ರಿ ಹೇಳಿದ ಮಾತು, ಈ ಜಾತಿಯ ಕಾದಂಬರಿಗಳ ಬಗ್ಗೆ ನಾನು ಮುಂದೆ ಓದಿದ ಎಷ್ಟೋ ವಿಮರ್ಶೆಗಳಿಗಿಂತ ನಿಖರವಾದದ್ದು ಎಂದು ಇಂದಿಗೂ ನಂಬಿದ್ದೇನೆ.

ಅಪ್ಪನ ಬಾಯಲ್ಲಿ ಆ ಕಥೆ ತಾನಾಗಿಯೇ ನಮ್ಮ ಕಡೆಯದಾಯಿತು. ಗ್ರಹಗಳ ಕಾವಲುಪಡೆಯ ಅಧಿಕಾರಿ ಫೌಜದಾರನಾದ. ಗುರುಗ್ರಹದಾಚೆ ಕುಳಿತು ಎಲ್ಲರಿಂದಲೂ ಕಪ್ಪ ಕೇಳುತ್ತಿದ್ದ ಖಳ ಬಾದಶಹನಾದ. ನೌಕೆಯೊಳಗಿನ ಗಾಳಿ ಹೊರಗೆ ಸೋರದಂತೆ ನಡುವೆ ಇಟ್ಟಿದ್ದ ಕೋಣೆಗೆ ಅವರು ಎರಡು ಬಾಗಿಲಿನ ಪಡಸಾಲೆ ಎನ್ನುತ್ತಿದ್ದರು. ನೌಕೆ ಯಾವುದಾದರೂ ಗ್ರಹದ ಬಳಿಗೆ ಬಂದಾಗ, ಕೆಳಗಿನಿಂದ ಅಪ್ಪಣೆ ಸಿಗುವವರೆಗೂ ಅದು ಮೇಲೆಯೇ ಸುತ್ತು ಹಾಕುತ್ತ ಕಾಯುತ್ತಿತ್ತು. ಅಪ್ಪಣೆ ಬಂದ ಕೂಡಲೇ ಅಪ್ಪ ದನಿ ಎತ್ತರಿಸಿ "ಲೈನ್ ಕ್ಲಿಯರ್ ಸಿಕ್ಕಿತು" ಎನ್ನುತ್ತಿದ್ದರು. ಅದೇ ಹೊತ್ತಿಗೆ ಹಳಿಗಳ ಕಡೆಯಿಂದ ನಿಜವಾದ ಗೂಡ್ಸ್ ಗಾಡಿಯೊಂದು ಶಹಾಬಾದ್ ಕಲ್ಲನ್ನೋ ಸಿಮೆಂಟನ್ನೋ ಹೊತ್ತು ಕೂಗುತ್ತ ಹೊರಟರೆ, ಎರಡು ಲೋಕಗಳ ನಡುವಿನ ಗೆರೆ ಎಲ್ಲಿದೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಮುಂಬಯಿ, ಮದ್ರಾಸು, ಹೈದರಾಬಾದು ಎಂಬ ಮೂರು ದಿಕ್ಕಿನ ಹಳಿಗಳು ಕೂಡುವ ವಾಡಿಯಲ್ಲಿ ಬೆಳೆದ ಹುಡುಗಿಗೆ ಗಗನನೌಕೆಗಳ ನಿಲ್ದಾಣವನ್ನು ಕಲ್ಪಿಸಿಕೊಳ್ಳಲು ಯಾರ ಸಹಾಯವೂ ಬೇಕಿರಲಿಲ್ಲ.

ಈಗ ನಾನು ಕಲಬುರಗಿಯಲ್ಲಿ ಇದ್ದೇನೆ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ಹಳೆಯ ಕಾಲದ, ಹಗುರ ಮನಸ್ಸಿನ ಅಂತರಿಕ್ಷ ಸಾಹಸಗಳನ್ನು ಈಗಲೂ ಹುಡುಕಿ ಓದುತ್ತೇನೆ. ವಿಜ್ಞಾನ ಕಲಿಸಿದವರು ಇಂಥವನ್ನು ಹೇಗೆ ಓದುತ್ತೀರಿ ಎಂದು ಸಹೋದ್ಯೋಗಿಗಳು ಕೇಳಿದ್ದುಂಟು. ಆ ಪ್ರಶ್ನೆಗೆ ಒಂದು ಪೂರ್ಣ ಉತ್ತರ ಕೊಡಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು.

ಈ ಬಗೆಯ ಕಾದಂಬರಿಗಳಿಗೆ ಇಂಗ್ಲಿಷಿನಲ್ಲಿ 'ಸ್ಪೇಸ್ ಅಪೆರಾ' ಎಂಬ ಹೆಸರು ಬಿದ್ದದ್ದು 1941ರಲ್ಲಿ. ವಿಲ್ಸನ್ ಟಕರ್ ಎಂಬ ಅಮೆರಿಕದ ಲೇಖಕರು ಅದನ್ನು ಹೊಗಳಿಕೆಯಾಗಿ ಬಳಸಲಿಲ್ಲ. ರೇಡಿಯೊದಲ್ಲಿ ದಿನವೂ ಬರುತ್ತಿದ್ದ ಕಣ್ಣೀರಿನ ಧಾರಾವಾಹಿಗಳಿಗೆ 'ಸೋಪ್ ಅಪೆರಾ' ಎಂದೂ, ಕುದುರೆ ಸವಾರರ ಗುಂಡಿನ ಕಾಳಗದ ಕಥೆಗಳಿಗೆ 'ಹಾರ್ಸ್ ಅಪೆರಾ' ಎಂದೂ ಕರೆಯುತ್ತಿದ್ದ ರೂಢಿಯನ್ನು ಅನುಸರಿಸಿ, ಸವೆದುಹೋದ ರಾಕೆಟ್ ಕಥೆಗಳನ್ನು ತಳ್ಳಿಹಾಕಲು ಅವರು ಆ ಪದವನ್ನು ಕಟ್ಟಿದರು. ಅಪೆರಾ ಎಂದರೆ ಪಶ್ಚಿಮದವರ ಹಾಡುನಾಟಕ; ಬಣ್ಣ, ಅಬ್ಬರ, ಎತ್ತರದ ದನಿ. ಗಂಭೀರರಾದವರು ಅದರಿಂದ ದೂರ ಇರಬೇಕು ಎಂಬ ಭಾವ ಅದರ ಹಿಂದಿತ್ತು. ನಮ್ಮ ಸೀಮೆಯಲ್ಲಿ ಯಾರಾದರೂ ಈ ಹೆಸರನ್ನು ಕನ್ನಡಕ್ಕೆ ತರುವುದಾದರೆ 'ಆಕಾಶದ ದೊಡ್ಡಾಟ' ಎಂದೇ ತರಬೇಕು, ಮತ್ತು ಹಾಗೆ ತಂದ ಕ್ಷಣದಲ್ಲಿ ಅದರಲ್ಲಿದ್ದ ನಿಂದೆ ಪೂರ್ತಿಯಾಗಿ ಅಳಿದುಹೋಗುತ್ತದೆ.

ದೊಡ್ಡಾಟವನ್ನು ರಾತ್ರಿಯಿಡೀ ಕುಳಿತು ನೋಡಿದವರಿಗೆ ನಾನು ಹೇಳುತ್ತಿರುವುದು ಕೂಡಲೇ ಹೊಳೆಯುತ್ತದೆ. ರಂಗಕ್ಕೆ ಬಂದ ರಾಜ ನೇರವಾಗಿ ಕಥೆಯೊಳಕ್ಕೆ ನುಗ್ಗುವುದಿಲ್ಲ. ಸಾರಥಿ ಅವನನ್ನು ತಡೆದು, ತಾವು ಯಾರು, ಯಾವ ಪಟ್ಟಣದವರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ; ರಾಜ ಎದೆಯುಬ್ಬಿಸಿ, ಭುಜಕೀರ್ತಿ ಅಲುಗಿಸಿ, ತನ್ನ ಹೆಸರು, ವಂಶ, ಪರಾಕ್ರಮಗಳನ್ನು ಸಾವಕಾಶವಾಗಿ ಹೇಳುತ್ತಾನೆ. ಹಳೆಯ ಅಂತರಿಕ್ಷ ಕಾದಂಬರಿಗಳ ಖಳರು ಮಾಡುವುದೂ ಇದನ್ನೇ. ಸೆರೆ ಸಿಕ್ಕ ನಾಯಕನ ಎದುರು ನಿಂತು, ತನ್ನ ಗ್ರಹ ಯಾವುದು, ತನ್ನ ಹಡಗುಗಳು ಎಷ್ಟು, ನಾಳೆ ಸೂರ್ಯೋದಯದ ಹೊತ್ತಿಗೆ ತಾನು ಯಾವ ಅನರ್ಥ ಮಾಡಲಿದ್ದೇನೆ ಎಂಬುದನ್ನೆಲ್ಲ ಎರಡು ಪುಟ ವಿವರಿಸುತ್ತಾನೆ. ಇಂಗ್ಲಿಷ್ ವಿಮರ್ಶಕರು ಇದನ್ನು ಕಥೆಗಾರನ ದೌರ್ಬಲ್ಯವೆಂದು ಬರೆಯುತ್ತಾರೆ. ನನಗೆ ಅದು ಒಡ್ಡೋಲಗ. ಸಾವಿರ ಜನರ ನಡುವೆ ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಬಣ್ಣ ಕಾಣಬೇಕು, ಮಾತು ಕೇಳಬೇಕು, ಯಾರು ಯಾರ ಕಡೆ ಎಂಬುದು ತಿಳಿಯಬೇಕು ಎಂಬ ಕಾಳಜಿಯಿಂದ ಹುಟ್ಟಿದ ಕಲೆ ಅದು. ಹಸಿರು ಚರ್ಮದ ಮಂಗಳವಾಸಿಗೂ ನಮ್ಮ ಬಣ್ಣದ ವೇಷಕ್ಕೂ ನಡುವೆ ನನಗೆ ಕಾಣುವ ದೂರ ಬಹಳ ಕಡಿಮೆ.

ಹಗುರವೆಂಬ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಈ ಕಾದಂಬರಿಗಳಲ್ಲಿ ಅಪಾಯಗಳಿಗೆ ಕೊರತೆಯಿಲ್ಲ. ಉಲ್ಕೆ ಬಡಿದು ನೌಕೆಯ ಗೋಡೆ ತೂತಾಗುತ್ತದೆ, ಇಂಧನ ಮುಗಿಯುತ್ತದೆ, ಗೆಳೆಯನೊಬ್ಬ ಶತ್ರುಗಳ ಕೈಗೆ ಸಿಗುತ್ತಾನೆ. ಆದರೂ ಗೋಡೆಯ ತೂತಿಗೆ ಬೆನ್ನು ಒತ್ತಿ ನಿಂತವನು ಅಡುಗೆಯವನ ಸಾರಿನ ಬಗ್ಗೆ ಒಂದು ತಮಾಷೆಯ ಮಾತನ್ನು ಆಡುತ್ತಾನೆ, ಎಂಜಿನಿಯರ್ ಅದಕ್ಕೆ ಉತ್ತರ ಕೊಡುತ್ತಲೇ ತಂತಿ ಸುತ್ತಿ ಯಂತ್ರವನ್ನು ಸರಿಮಾಡುತ್ತಾನೆ. ಕೂಡಿ ದುಡಿಯುವವರ ನಡುವಿನ ಈ ಸಲಿಗೆಯನ್ನು ನಾನು ಮೊದಲು ಕಂಡದ್ದು ಪುಸ್ತಕದಲ್ಲಲ್ಲ. ವಾಡಿಯಲ್ಲಿ ಉಗಿ ಎಂಜಿನ್ನುಗಳು ನಿಂತಾಗ, ನಡುಮಧ್ಯಾಹ್ನದ ಬಿಸಿಲಿನಲ್ಲಿ ಬೆಂಕಿಯ ಬಾಯಿಗೆ ಕಲ್ಲಿದ್ದಲು ಎಸೆಯುವ ಫೈರ್‌ಮನ್ನರೂ ಡ್ರೈವರರೂ ಒಬ್ಬರನ್ನೊಬ್ಬರು ಕಾಡಿಸುತ್ತ ನಗುತ್ತಿದ್ದುದನ್ನು ದಿನವೂ ನೋಡುತ್ತಿದ್ದೆ. ಆ ಲೇಖಕರೂ ರೈಲು, ಹಡಗುಗಳ ಕಾಲದಲ್ಲಿ ಬೆಳೆದವರು. ಅವರ ಗಗನನೌಕೆಯಲ್ಲಿ ಹಿಡಿಕೆಗಳಿವೆ, ವಾಲ್ವುಗಳಿವೆ, ನಡುಗುವ ಮುಳ್ಳಿನ ಗೇಜುಗಳಿವೆ. ಯಂತ್ರ ಕೆಟ್ಟರೆ ಅದರ ಹೊಟ್ಟೆಗೆ ಕೈ ಹಾಕಿ ರಿಪೇರಿ ಮಾಡಬಲ್ಲ ಒಬ್ಬ ಮನುಷ್ಯ ಹಡಗಿನಲ್ಲಿ ಇದ್ದೇ ಇರುತ್ತಾನೆ. ಯಂತ್ರವೆಂದರೆ ಮುಚ್ಚಿದ ಡಬ್ಬಿಯಾಗಿರುವ ಈ ದಿನಗಳಲ್ಲಿ ಆ ಭರವಸೆ ನನಗೆ ತುಂಬ ಪ್ರಿಯವಾದದ್ದು.

ಆ ಭರವಸೆ ಎಷ್ಟು ದೊಡ್ಡದಾಗಿತ್ತು ಎಂಬುದಕ್ಕೆ ಎರಡು ತಾರೀಖುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. 1926ರ ಮಾರ್ಚ್ 16ರಂದು ಅಮೆರಿಕದ ರಾಬರ್ಟ್ ಗೊಡಾರ್ಡ್ ದ್ರವ ಇಂಧನದ ಮೊದಲ ರಾಕೆಟ್ಟನ್ನು ಹಾರಿಸಿದರು. ಅದು ಗಾಳಿಯಲ್ಲಿದ್ದದ್ದು ಎರಡೂವರೆ ಸೆಕೆಂಡು, ಏರಿದ್ದು 41 ಅಡಿ. ನಮ್ಮ ಮನೆಯ ಮುಂದಿನ ಬೇವಿನ ಮರದ ತುದಿಯನ್ನು ಮುಟ್ಟಿ ಅದು ಕೆಳಗೆ ಬಿದ್ದಂತೆ ಲೆಕ್ಕ. ಅದೇ ವರ್ಷದ ಏಪ್ರಿಲ್ ಸಂಚಿಕೆಯೊಂದಿಗೆ ಹ್ಯೂಗೋ ಗರ್ನ್ಸ್‌ಬ್ಯಾಕ್ ಅವರು ಕೇವಲ ವಿಜ್ಞಾನ ಕಥೆಗಳಿಗೇ ಮೀಸಲಾದ 'ಅಮೇಜಿಂಗ್ ಸ್ಟೋರೀಸ್' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದರು. 1928ರ ಆಗಸ್ಟಿನಲ್ಲಿ ಆ ಪತ್ರಿಕೆ ಇ. ಇ. ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞರ ಧಾರಾವಾಹಿಯನ್ನು ಪ್ರಕಟಿಸತೊಡಗಿತು. ವೃತ್ತಿಯಲ್ಲಿ ಹಿಟ್ಟು, ತಿಂಡಿಗಳ ಮಿಶ್ರಣವನ್ನು ಪರೀಕ್ಷಿಸುತ್ತಿದ್ದ ಆ ಮನುಷ್ಯ ತನ್ನ ನೌಕೆಯನ್ನು ಸೌರಮಂಡಲವನ್ನೇ ದಾಟಿಸಿ ದೂರದ ನಕ್ಷತ್ರಗಳ ನಡುವೆ ಓಡಿಸಿದರು. ಬೇವಿನ ಮರದ ಎತ್ತರಕ್ಕೆ ಹಾರಿದ್ದ ಮನುಷ್ಯಕುಲ ಎರಡೇ ವರ್ಷಗಳಲ್ಲಿ ಕಾಗದದ ಮೇಲೆ ನಕ್ಷತ್ರಗಳನ್ನು ದಾಟಿತು. ಅವರ ನಾಯಕರು ಪಥದ ಲೆಕ್ಕವನ್ನು ಸ್ಲೈಡ್ ರೂಲ್ ಹಿಡಿದು ಮಾಡುತ್ತಾರೆ. ನಕ್ಷತ್ರಗಳಿಗೆ ಹೋಗುವ ಎಂಜಿನ್ನನ್ನು ಕಲ್ಪಿಸಿಕೊಂಡವರಿಗೆ, 1972ರಲ್ಲಿ ಮಾರುಕಟ್ಟೆಗೆ ಬಂದ ಜೇಬಿನಲ್ಲಿ ಹಿಡಿಸುವ ವೈಜ್ಞಾನಿಕ ಕ್ಯಾಲ್ಕ್ಯುಲೇಟರ್ ಹೊಳೆದಿರಲಿಲ್ಲ. ಪಿಯುಸಿಯಲ್ಲಿ ಲಾಗ್ ಟೇಬಲ್ ತಿರುವಿ ಗುಣಾಕಾರ ಮಾಡಿದ ನನಗೆ ಆ ಸ್ಲೈಡ್ ರೂಲನ್ನು ಕಂಡಾಗಲೆಲ್ಲ ಹಳೆಯ ಗೆಳತಿಯ ಕೈಬರಹ ಕಂಡಷ್ಟು ಸಂತೋಷವಾಗುತ್ತದೆ.

ತಪ್ಪು ವಿಜ್ಞಾನದ ಆಕ್ಷೇಪಣೆಗೆ ಈಗ ಬರುತ್ತೇನೆ. ಈ ಜಗಳ ಹಳೆಯದು. 1865ರಲ್ಲಿ ಜೂಲ್ಸ್ ವರ್ನ್ ತಮ್ಮ ಪಾತ್ರಗಳನ್ನು 900 ಅಡಿ ಉದ್ದದ ತೋಪಿನಿಂದ ಚಂದ್ರನತ್ತ ಹಾರಿಸಿದರು. 1901ರಲ್ಲಿ ಎಚ್. ಜಿ. ವೆಲ್ಸ್ ಗುರುತ್ವವನ್ನು ತಡೆಯುವ ಒಂದು ವಸ್ತುವನ್ನು ಕಲ್ಪಿಸಿ ಅದರ ಬಲದಿಂದ ತಮ್ಮವರನ್ನು ಕಳಿಸಿದರು. ತಾನು ಭೌತಶಾಸ್ತ್ರವನ್ನು ಬಳಸುತ್ತೇನೆ, ಈತ ಇಲ್ಲದ ಲೋಹವನ್ನು ಸೃಷ್ಟಿಸುತ್ತಾನೆ, ಎಲ್ಲಿ ಆ ಲೋಹವನ್ನು ತೋರಿಸಲಿ ನೋಡೋಣ ಎಂಬರ್ಥದಲ್ಲಿ ವರ್ನ್ ದೂರಿಕೊಂಡರು. ನಾನು ಪಾಠ ಮಾಡುವಾಗ ಮಕ್ಕಳನ್ನು ಕಲಬುರಗಿಯ ಕೋಟೆಗೆ ಕರೆದುಕೊಂಡು ಹೋದರೆ, ಅಲ್ಲಿನ ಬಾರಾ ಗಜಿ ತೋಪಿನ ಪಕ್ಕದಲ್ಲಿ ನಿಲ್ಲಿಸಿ ವರ್ನ್ ಅವರ ತೋಪಿನ ಲೆಕ್ಕವನ್ನು ಮಾಡಿಸುತ್ತಿದ್ದೆ. ಸೊನ್ನೆಯಿಂದ ಸೆಕೆಂಡಿಗೆ 11 ಕಿಲೋಮೀಟರಿನ ವೇಗವನ್ನು 900 ಅಡಿಗಳೊಳಗೆ ಮುಟ್ಟಬೇಕಾದರೆ ವೇಗೋತ್ಕರ್ಷ ಭೂಮಿಯ ಗುರುತ್ವದ ಇಪ್ಪತ್ತು ಸಾವಿರ ಪಟ್ಟನ್ನು ಮೀರುತ್ತದೆ. ಐವತ್ತು ಕಿಲೋ ತೂಕದ ಮನುಷ್ಯ ಆ ಗಳಿಗೆಯಲ್ಲಿ ಸಾವಿರ ಟನ್ನಿಗಿಂತ ಹೆಚ್ಚು ತೂಗುತ್ತಾನೆ. ಭೌತಶಾಸ್ತ್ರದ ಹೆಸರು ಹೇಳಿದ ವರ್ನ್ ಅವರ ಪ್ರಯಾಣಿಕರು ತೋಪಿನ ಬಾಯಿ ದಾಟುವ ಮೊದಲೇ ಅಪ್ಪಚ್ಚಿಯಾಗುತ್ತಾರೆ. ಇಲ್ಲದ ವಸ್ತುವನ್ನು ನಂಬಿದ ವೆಲ್ಸ್ ಅವರ ಪ್ರಯಾಣಿಕರು ಸುಖವಾಗಿ ಇಳಿಯುತ್ತಾರೆ. ಆದರೆ ಈ ಲೆಕ್ಕವನ್ನು ಮಾಡಿದ ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರೂ ಕಥೆಯನ್ನು ಅರ್ಧಕ್ಕೆ ಬಿಡಲಿಲ್ಲ. ಲೆಕ್ಕ ಮುಗಿದ ಮೇಲೆ ಎಲ್ಲರೂ ಕೇಳುತ್ತಿದ್ದುದು, ಮುಂದೆ ಅವರು ಚಂದ್ರನನ್ನು ಮುಟ್ಟಿದರೋ ಇಲ್ಲವೋ ಎಂದೇ. (ಅದೇ ಊರಿನ ಹಫ್ತ್ ಗುಂಬಜಿನಲ್ಲಿ ಮಲಗಿರುವ ಬಹಮನಿ ಸುಲ್ತಾನ ಫಿರೋಜ್ ಶಾಹ, ಆರು ಶತಮಾನಗಳ ಹಿಂದೆ ದೌಲತಾಬಾದಿನ ಬಳಿ ಒಂದು ವೀಕ್ಷಣಾಲಯವನ್ನು ಕಟ್ಟಿಸಲು ತೊಡಗಿದ್ದ ಎಂಬುದನ್ನು ಕೋಟೆಯಿಂದ ಮರಳುವಾಗ ತಪ್ಪದೆ ಹೇಳುತ್ತಿದ್ದೆ. ಆಕಾಶದ ಹುಚ್ಚು ನಮ್ಮ ನೆಲಕ್ಕೆ ಹೊಸದಲ್ಲ.)

ಶುಕ್ರಗ್ರಹದ ವಿಷಯದಲ್ಲಿ ಆ ಲೇಖಕರು ಇನ್ನೂ ದೊಡ್ಡದಾಗಿ ತಪ್ಪಿದರು. ಶುಕ್ರನನ್ನು ಸದಾ ಮೋಡ ಮುಚ್ಚಿರುತ್ತದೆ. ಮೋಡವಿದ್ದಲ್ಲಿ ಮಳೆ, ಮಳೆಯಿದ್ದಲ್ಲಿ ಜೌಗು, ಜೌಗಿನಲ್ಲಿ ಕಾಡು, ಕಾಡಿನಲ್ಲಿ ದೈತ್ಯ ಪ್ರಾಣಿಗಳು ಎಂದು ಅವರ ತರ್ಕ ಸಾಗಿತು. 1962ರಲ್ಲಿ ಅಮೆರಿಕದ ಮ್ಯಾರಿನರ್ 2 ನೌಕೆ ಅದರ ಪಕ್ಕದಿಂದ ಹಾದುಹೋದಾಗ ಆ ನೆಲ ಕುದಿಯುವಷ್ಟು ಬಿಸಿಯೆಂದು ತಿಳಿಯಿತು. 1970ರಲ್ಲಿ ಸೋವಿಯತ್ ದೇಶದ ವೆನೆರಾ 7 ಅಲ್ಲಿಯೇ ಇಳಿದು ಸುಮಾರು 475 ಡಿಗ್ರಿ ಸೆಲ್ಸಿಯಸ್ ಉಷ್ಣತೆಯನ್ನು ವರದಿ ಮಾಡಿತು. ಹನ್ನೊಂದು ವರ್ಷದ ನನ್ನ ಮೊಮ್ಮಗಳಿಗೆ ಹೋದ ವರ್ಷ ಇಂಥ ಒಂದು ಶುಕ್ರನ ಕಥೆ ಹೇಳುವಾಗ ಅವಳು ನಡುವೆಯೇ ತಡೆದು, "ಆಯಿ, ಶುಕ್ರನ ಮ್ಯಾಲ ಸೀಸಾನೂ ಕರಗ್ತದ ಅಂತ ನಮ್ಮ ಪುಸ್ತಕದಾಗ ಅದ. ಇವರು ಮಳಿಯಾಗ ಹ್ಯಾಂಗ ತೊಯ್ಸಿಕೊಂಡ್ರು?" ಎಂದು ಕೇಳಿದಳು. ಅದು ಆ ಕಥೆಯ ಶುಕ್ರ, ನಿನ್ನ ಪುಸ್ತಕದ ಶುಕ್ರ ಬೇರೆ ಎಂದೆ. ಅವಳು ಒಂದು ಗಳಿಗೆ ಯೋಚಿಸಿ, "ಹಂಗಾರ ಎರಡೂ ಹೇಳು" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಶುಕ್ರಗ್ರಹಗಳು ಎರಡಿವೆ, ಮತ್ತು ಅವಳು ಒಂದನ್ನು ಇನ್ನೊಂದೆಂದು ಎಂದೂ ತಪ್ಪಿ ತಿಳಿದಿಲ್ಲ. ಮಕ್ಕಳ ತಲೆ ಕೆಡುತ್ತದೆ ಎಂದು ಹೆದರುವವರಿಗೆ ನಾನು ಕೊಡಬಹುದಾದ ಉತ್ತರ ಇಷ್ಟೇ.

ಮಂಗಳದ ಮಾತು ಮಾತ್ರ ಇಷ್ಟು ಬೇಗ ಮುಗಿಯುವುದಿಲ್ಲ, ಏಕೆಂದರೆ ಆ ಹೆಸರಿಲ್ಲದ ಪುಸ್ತಕದ ಕಥೆ ನಡೆದದ್ದು ಮಂಗಳದ ಕಾಲುವೆಗಳ ದಂಡೆಯ ಮೇಲೆ. 1877ರಲ್ಲಿ ಇಟಲಿಯ ಜೊವಾನಿ ಸ್ಕಿಯಾಪರೆಲ್ಲಿ ದೂರದರ್ಶಕದಲ್ಲಿ ಮಂಗಳದ ಮೇಲೆ ಗೆರೆಗಳನ್ನು ಕಂಡು ತಮ್ಮ ಭಾಷೆಯಲ್ಲಿ 'ಕನಾಲಿ' ಎಂದು ಬರೆದರು. ಹಳ್ಳ, ತೋಡು ಎಂದೂ ಅರ್ಥವಾಗಬಹುದಾಗಿದ್ದ ಆ ಮಾತು ಇಂಗ್ಲಿಷಿಗೆ ಹೋಗುವಾಗ, ಯಾರೋ ತೋಡಿದ ಕಾಲುವೆ ಎಂದಾಯಿತು. ಪರ್ಸಿವಲ್ ಲೊವೆಲ್ ಎಂಬ ಶ್ರೀಮಂತ ಅಮೆರಿಕನ್ನರು 1894ರಲ್ಲಿ ಅರಿಜೋನಾದಲ್ಲಿ ಸ್ವಂತ ವೀಕ್ಷಣಾಲಯ ಕಟ್ಟಿಸಿ, ಒಣಗುತ್ತಿರುವ ಗ್ರಹವೊಂದರ ಜಾಣ ಜನರು ಧ್ರುವಗಳ ಹಿಮದ ನೀರನ್ನು ಕಾಲುವೆಗಳಲ್ಲಿ ತಮ್ಮ ಹೊಲಗಳಿಗೆ ಹರಿಸಿಕೊಳ್ಳುತ್ತಿದ್ದಾರೆ ಎಂದು ಗ್ರಂಥಗಳನ್ನೇ ಬರೆದರು. ಕಾದಂಬರಿಕಾರರು ಅರ್ಧ ಶತಮಾನ ಆ ಕಾಲುವೆಗಳ ದಂಡೆಯಲ್ಲಿ ಊರುಗಳನ್ನು ಕಟ್ಟಿದರು. 1965ರ ಜುಲೈನಲ್ಲಿ ಮ್ಯಾರಿನರ್ 4 ಕಳಿಸಿದ ಇಪ್ಪತ್ತೆರಡು ಚಿತ್ರಗಳಲ್ಲಿ ಕಾಲುವೆ ಇರಲಿಲ್ಲ, ಕುಳಿಗಳು ಇದ್ದವು.

ಅಪ್ಪ ನಮಗೆ ಆ ಕಥೆ ಹೇಳುವಾಗ ಈ ಚಿತ್ರಗಳು ಬಂದು ಒಂಬತ್ತು ವರ್ಷವಾಗಿತ್ತು. ಆದರೆ ನಮ್ಮ ಅಂಗಳದಲ್ಲಿ ಕುಳಿತವರಿಗೆ ಅದಕ್ಕಿಂತ ಹತ್ತಿರದ ನೆನಪೊಂದಿತ್ತು, 1972ರ ಬರ. ಶಹಾಪುರ ತಾಲೂಕಿನ ಒಣ ಬೇಸಾಯದ ಹಳ್ಳಿಗೆ ಕೊಟ್ಟಿದ್ದ ನನ್ನ ಸೋದರತ್ತೆ ಆ ಬೇಸಿಗೆ ನಮ್ಮ ಮನೆಗೆ ಬಂದಿದ್ದರು. ಬರದ ವರ್ಷ ಅವರ ಮನೆಯ ಇಬ್ಬರು ಗಂಡಸರು ಇದೇ ವಾಡಿಯಿಂದ ರೈಲು ಹತ್ತಿ ಮುಂಬಯಿಗೆ ದುಡಿಯಲು ಹೋಗಿದ್ದರು. ಅಕ್ಷರ ಬಾರದ ಅತ್ತೆ ಕತ್ತಲಲ್ಲಿ ಹುಣಸೆಬೀಜ ಬಿಡಿಸುತ್ತ ಪ್ರತಿ ರಾತ್ರಿ ಆ ಕಥೆಯನ್ನು ಕೇಳಿದರು. ಬಾದಶಹನ ಕಡೆಯವರು ಧ್ರುವದ ಬಳಿಯ ದೊಡ್ಡ ತೂಬನ್ನು ಮುಚ್ಚಿ, ಕಪ್ಪ ಕೊಡದ ಊರುಗಳಿಗೆ ನೀರು ನಿಲ್ಲಿಸಿದ್ದರು. ಫೌಜದಾರನೂ ಅವನ ಎಂಜಿನಿಯರ್ ಗೆಳೆಯನೂ ಅದನ್ನು ತೆರೆಯಬೇಕಿತ್ತು. ಕಿರಣ ಬಂದೂಕುಗಳ ಕಾಳಗ ಬಂದಾಗ ನಾನೂ ತಮ್ಮಂದಿರೂ ಎದ್ದು ಕೂರುತ್ತಿದ್ದೆವು. ಅತ್ತೆಗೆ ಕಾಳಗ ಬೇಕಿರಲಿಲ್ಲ. ಅಪ್ಪ ಪುಸ್ತಕ ಮುಚ್ಚಿದಾಗ ಅವರು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ಆ ಮಂದಿಗಿ ನೀರು ಬಂತಿಲ್ಲೋ, ತಮ್ಮಾ?"

ಈ ಕಾದಂಬರಿಗಳನ್ನು ಬರೆದವರು ತಮ್ಮ ಆಕಾಶವನ್ನು ಜನರಿಂದ ತುಂಬಿದ್ದರು. ನನಗೆ ಅವು ಇಷ್ಟೊಂದು ಹಿಡಿಸಲು ಮುಖ್ಯ ಕಾರಣ ಇದೇ ಎಂದು ತೋರುತ್ತದೆ. ನಾವು ಈಗ ತಿಳಿದಿರುವ ಆಕಾಶ ಬಹಳ ಖಾಲಿಯಾದದ್ದು. ಸೂರ್ಯನನ್ನು ಬಿಟ್ಟರೆ ಅತಿ ಹತ್ತಿರದ ನಕ್ಷತ್ರದಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ನಾಲ್ಕು ವರ್ಷಕ್ಕಿಂತ ಹೆಚ್ಚು ಬೇಕು. ಕಥೆಗಳಲ್ಲಿ ಬಂಡೆಗಳು ಒಂದಕ್ಕೊಂದು ಬಡಿಯುವ ಕ್ಷುದ್ರಗ್ರಹಗಳ ಪಟ್ಟಿಯಲ್ಲಿ ನಿಜವಾಗಿ ಒಂದರಿಂದ ಇನ್ನೊಂದಕ್ಕೆ ಲಕ್ಷಾಂತರ ಕಿಲೋಮೀಟರು ದೂರವಿದ್ದು, 1972ರಲ್ಲಿ ಹೊರಟ ಪಯನಿಯರ್ 10 ಅದನ್ನು ಯಾವ ಗಾಯವೂ ಇಲ್ಲದೆ ದಾಟಿಹೋಯಿತು. ಆ ನಿಜವನ್ನು ನಾನು ಮೂವತ್ತು ವರ್ಷ ಪ್ರೀತಿಯಿಂದ ಕಲಿಸಿದ್ದೇನೆ. ಆದರೆ ಹೋದಲ್ಲೆಲ್ಲ ಯಾರೋ ಇದ್ದಾರೆ, ಅವರಿಗೆ ಹೊಲವಿದೆ, ಮನೆಯಿದೆ, ತೂಬಿನ ಜಗಳವಿದೆ, ಅವರ ಬಾಗಿಲಲ್ಲಿ ನಿಂತು ನೀರು ಕೇಳಬಹುದು ಎಂಬ ಆಕಾಶವನ್ನು ರಾತ್ರಿಯ ಊಟದ ನಂತರ ಹೊಕ್ಕು ಬರುವುದರಲ್ಲಿ ಇರುವ ಸುಖವೇ ಬೇರೆ. ಬೀದರಿನ ನೌಬಾದಿನ ಸುರಂಗ ಬಾವಿಯನ್ನು ಮೊದಲ ಸಲ ಇಣುಕಿ ನೋಡಿದಾಗ, ಬಹಮನಿ ಕಾಲದವರು ನೆಲದಡಿಯಲ್ಲಿ ನೀರಿಗೆ ದಾರಿ ಮಾಡಿ, ಅಲ್ಲಲ್ಲಿ ಮೇಲಕ್ಕೆ ಬಾಯಿ ಬಿಟ್ಟಿರುವುದನ್ನು ಕಂಡು, ಇದು ಲೊವೆಲ್ ಅವರ ಮಂಗಳ ಎಂದೇ ನನಗೆ ಅನ್ನಿಸಿತು.

ಭಾಷೆಯ ವಿಷಯದಲ್ಲಿಯೂ ಹೀಗೆಯೇ. ನಾಯಕ ಹೊಸ ಗ್ರಹಕ್ಕೆ ಇಳಿದು ಎರಡು ಪುಟದೊಳಗೆ ಅಲ್ಲಿಯವರ ಮಾತನ್ನು ಕಲಿತುಬಿಡುವುದನ್ನು ಅಗ್ಗದ ಉಪಾಯ ಎನ್ನುವವರಿದ್ದಾರೆ. ಕನ್ನಡ, ದಖನಿ, ಮರಾಠಿ, ತೆಲುಗು ನಾಲ್ಕೂ ಒಂದೇ ಅಂಗಡಿಯ ಕಟ್ಟೆಯ ಮೇಲೆ ನಡೆಯುವ ಬೀದರಿನ ಬಜಾರಿನಲ್ಲಿ ಅರ್ಧ ಗಂಟೆ ನಿಂತವರಿಗೆ ಅದು ಅಷ್ಟೇನೂ ಅಸಹಜವೆನ್ನಿಸುವುದಿಲ್ಲ. ವಾಡಿಯ ಪ್ಲಾಟ್‌ಫಾರಮ್ಮಿನ ಹಮಾಲರು ರೈಲು ಬಂದ ದಿಕ್ಕನ್ನು ನೋಡಿ ತಮ್ಮ ಭಾಷೆಯನ್ನು ಬದಲಿಸುತ್ತಿದ್ದರು.

ಇವುಗಳಲ್ಲಿ ನಾನು ಒಪ್ಪದ ಸಂಗತಿಗಳೂ ಇವೆ, ಅವುಗಳನ್ನು ಮುಚ್ಚಿಡುವುದು ಪ್ರೀತಿಯ ಲಕ್ಷಣವಲ್ಲ. ಹೊಸ ಗ್ರಹಕ್ಕೆ ಕಾಲಿಟ್ಟ ಕೂಡಲೇ ಅಲ್ಲಿಯವರನ್ನು ಕಾಡುಜನರೆಂದು ಕರೆದು, ಧ್ವಜ ನೆಟ್ಟು, ಅವರ ಗಣಿಗಳನ್ನು ಹಂಚಿಕೊಳ್ಳುವ ನಾಯಕರನ್ನು ಪರರ ಆಳ್ವಿಕೆ ಕಂಡ ದೇಶದ ನಾನು ನಾಯಕರೆಂದು ಒಪ್ಪಲಾರೆ. ಅಂಥ ಪುಸ್ತಕಗಳನ್ನು ನಡುವೆಯೇ ಕೆಳಗಿಟ್ಟಿದ್ದೇನೆ. ಹೆಣ್ಣುಮಕ್ಕಳಿಗೆ ಚೀರುವ ಕೆಲಸವನ್ನಷ್ಟೇ ಕೊಟ್ಟ ಪುಸ್ತಕಗಳು ಇನ್ನೂ ಹೆಚ್ಚು. ಹೀಗಿದ್ದರೂ ಈ ಕಣದಲ್ಲಿ ಬರೆದ ಹೆಣ್ಣುಮಕ್ಕಳು ಇದ್ದರು ಎಂದು ತಿಳಿದ ದಿನ ನನಗೆ ಹಬ್ಬವಾಯಿತು. ಇಂಡಿಯಾನಾಪೊಲಿಸ್ ನಗರದ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತ, ತಮ್ಮ ಬರವಣಿಗೆ ಬ್ಯಾಂಕಿನವರಿಗೆ ತಿಳಿಯದಿರಲೆಂದು ಕೇವಲ ಇನಿಷಿಯಲ್ ಬಳಸಿದ ಸಿ. ಎಲ್. ಮೂರ್ ಅವರ ಮಂಗಳದ ಕಥೆ 1933ರಲ್ಲೇ ಅಚ್ಚಾಗಿತ್ತು. 1940ರಿಂದ ಬರೆಯತೊಡಗಿದ ಲೀ ಬ್ರ್ಯಾಕೆಟ್ ಅವರ ಮಂಗಳದಲ್ಲಿ ಧೂಳಿನ ವಾಸನೆಯಿದೆ, ಸೋತುಹೋದ ಊರುಗಳ ಬಗ್ಗೆ ಮರುಕವಿದೆ. 1980ರಲ್ಲಿ ತೆರೆಕಂಡ ಸ್ಟಾರ್ ವಾರ್ಸ್ ಸರಣಿಯ ಎರಡನೆಯ ಚಿತ್ರಕ್ಕೆ ಚಿತ್ರಕಥೆಯ ಮೊದಲ ಕರಡನ್ನು ಬರೆದವರೂ ಅವರೇ. ಬಂಗಾಳಿಯಲ್ಲಿ ಸತ್ಯಜಿತ್ ರಾಯ್ 1961ರಲ್ಲಿ ತಮ್ಮ ಪ್ರೊಫೆಸರ್ ಶೊಂಕು ಎಂಬ ವಿಜ್ಞಾನಿಯನ್ನು ಮೊದಲ ಕಥೆಯಲ್ಲೇ ಬೆಕ್ಕು, ಆಳು, ರೋಬೋಟಿನ ಸಮೇತ ಮಂಗಳಕ್ಕೆ ಕಳಿಸಿಕೊಟ್ಟರು. ಆ ಉಲ್ಲಾಸದ, ಪಾಠ ಹೇಳುವ ಅವಸರವಿಲ್ಲದ ಆಕಾಶಯಾನಗಳು ಕನ್ನಡದ ಮಕ್ಕಳಿಗೆ ಇನ್ನೂ ಹತ್ತಾರು ಬೇಕು ಎಂಬುದು ನನ್ನ ಬಹುಕಾಲದ ಹಂಬಲ.

ಕೊನೆಯ ಹದಿನಾರು ಪುಟಗಳ ವಿಷಯ ಹೇಳುವುದು ಉಳಿಯಿತು. ಫೌಜದಾರ ತೂಬಿನ ಗಾಲಿಯ ಮೇಲೆ ಕೈಯಿಡುವಲ್ಲಿಗೆ ನಮ್ಮ ಪ್ರತಿ ಮುಗಿದುಹೋಗಿತ್ತು. ಅತ್ತೆ ಎಂದಿನಂತೆ ಕೇಳಿದರು. ಅಪ್ಪ ಖಾಲಿ ಬೆನ್ನುಹಾಳೆಯನ್ನು ಒಂದು ಗಳಿಗೆ ನೋಡಿ, ಕಂದೀಲನ್ನು ಸಣ್ಣದು ಮಾಡಿ, ಓದುತ್ತಿರುವವರಂತೆಯೇ ಮುಂದುವರಿಸಿದರು. ಮೂರು ರಾತ್ರಿ ಅವರು ನೀರನ್ನು ಹರಿಸಿದರು. ಮೊದಲ ತೂಬಿನಿಂದ ಎರಡನೆಯದಕ್ಕೆ, ಅಲ್ಲಿಂದ ಕಿರುಗಾಲುವೆಗೆ, ಒಣಗಿ ಬಿರಿದ ಎರೆನೆಲದ ಬಿರುಕುಗಳಿಗೆ. ಒಂದೊಂದು ಊರಿಗೂ ಒಂದೊಂದು ಹೆಸರಿಟ್ಟು, ಅಲ್ಲಿಯ ಮುದುಕಿಯರು ಕೊಡ ಹಿಡಿದು ಓಡಿ ಬಂದದ್ದನ್ನು, ಎತ್ತುಗಳಂಥ ಆರು ಕಾಲಿನ ಪ್ರಾಣಿಗಳು ಮೂಗು ಎತ್ತಿ ನೀರಿನ ವಾಸನೆ ಹಿಡಿದದ್ದನ್ನು ಹೇಳಿದರು. ಮೂರನೆಯ ರಾತ್ರಿ ನೀರು ಕಟ್ಟಕಡೆಯ ಹಳ್ಳಿಯ ಕಟ್ಟಕಡೆಯ ಹೊಲವನ್ನು ಮುಟ್ಟಿದಾಗ ಅತ್ತೆ ಹುಣಸೆಬೀಜದ ಬುಟ್ಟಿಯನ್ನು ಪಕ್ಕಕ್ಕಿಟ್ಟು ಕೈಮುಗಿದರು. ಮುಂದೆ ನಾರಾಯಣಪುರದ ಎಡದಂಡೆ ಕಾಲುವೆಯ ನೀರು ಅವರ ಭಾಗಕ್ಕೆ ಬಂದಾಗ ನಾನು ಅಲ್ಲಿಗೆ ಹೋಗಿದ್ದೆ. "ನಿಮ್ಮಪ್ಪ ಹೇಳಿದಂಗೇ ಬಂತು ನೋಡು" ಎಂದರು.

ಆ ಪುಸ್ತಕದ ಇಡೀ ಪ್ರತಿ ನನಗೆ ಸಿಕ್ಕಿದ್ದು ಹೋದ ಚಳಿಗಾಲದಲ್ಲಿ, ಹೈದರಾಬಾದಿನ ಆಬಿಡ್ಸಿನಲ್ಲಿ ಭಾನುವಾರ ಫುಟ್‌ಪಾತಿನ ಮೇಲೆ ಹರಡುವ ಹಳೆಯ ಪುಸ್ತಕಗಳ ರಾಶಿಯಲ್ಲಿ. ರಕ್ಷಾಪುಟವನ್ನು ನಾನು ಹೇಗೆ ಗುರುತಿಸಲಿ? ಸುಮ್ಮನೆ ತೆರೆದ ಪುಟದಲ್ಲಿ, ಅಪ್ಪ ಹೇಳುತ್ತಿದ್ದ ಹಾಗೆಯೇ, ಅಡುಗೆಯವನು ಸಾಕಿದ ಪ್ರಾಣಿ ರೇಡಿಯೊ ಯಂತ್ರದ ಮೇಲೆ ಬೆಚ್ಚಗೆ ಮಲಗಿತ್ತು. ನಿಂತಲ್ಲೇ ನನ್ನ ಕೈ ನಡುಗಿತು. ಮರಳುವ ರೈಲಿನಲ್ಲಿ ಕೊನೆಯ ಹದಿನಾರು ಪುಟಗಳನ್ನು ಓದಿದೆ. ತೂಬು ತೆರೆಯುತ್ತದೆ, ನೀರು ಬರುತ್ತದೆ, ಆದರೆ ಅದಕ್ಕೆ ಲೇಖಕರು ಕೊಟ್ಟದ್ದು ಅರ್ಧ ವಾಕ್ಯ. ಉಳಿದದ್ದೆಲ್ಲ ಬಾದಶಹನ ಬೆನ್ನಟ್ಟುವಿಕೆ, ಒಂದು ಪದಕ, ಒಂದು ಮದುವೆ. ರೈಲು ವಾಡಿಯಲ್ಲಿ ನಿಂತಾಗ ಪುಸ್ತಕ ಮುಚ್ಚಿ ಕಿಟಕಿಯಿಂದ ನಮ್ಮ ಹಳೆಯ ಕ್ವಾರ್ಟರ್ಸಿನ ಕಡೆಗೆ ನೋಡಿದೆ.

ಈ ಬೇಸಿಗೆಯಲ್ಲಿ ಮೊಮ್ಮಗಳಿಗೆ ಅದೇ ಕಥೆಯನ್ನು ಹೇಳುತ್ತಿದ್ದೇನೆ. ಬೆನ್ನಟ್ಟುವಿಕೆಯನ್ನು ಬಿಟ್ಟಿಲ್ಲ, ಅದು ಅವಳಿಗೆ ಬೇಕು, ನನಗೂ ಬೇಕು. ಆದರೆ ಗಾಲಿ ತಿರುಗಿದ ಮೇಲಿನ ಭಾಗವನ್ನು ಅಪ್ಪ ಹೇಳಿದಂತೆಯೇ ಹೇಳುತ್ತೇನೆ, ನೆನಪಿರುವ ಊರುಗಳಿಗೆ ಅವರಿಟ್ಟ ಹೆಸರುಗಳನ್ನೇ ಇಟ್ಟು. ಕರೆಂಟು ಹೋದ ನಿನ್ನೆಯ ರಾತ್ರಿ ಮಾಳಿಗೆಯ ಮೇಲೆ ಅವಳು ನಿದ್ದೆಗಣ್ಣಿನಲ್ಲಿ ನನ್ನ ಸೆರಗು ಜಗ್ಗಿ, "ಆಯಿ, ನೀರು ಎಲ್ಲೀತನ ಬಂತು?" ಎಂದಳು. ಮೂರನೆಯ ತೂಬಿನ ತನಕ ಎಂದೆ.